ಮೊದಲು ನೀರನ್ನು ಸಾಕು, ಆಮೇಲೆ ಮೀನು

ಡಿಸ್ಕಸ್ ಮೀನು ಸಾಕಬೇಕು, ಅದೂ ಕಪ್ಪು ನೀರಿನ ಟ್ಯಾಂಕಿನಲ್ಲೇ ಸಾಕಬೇಕು ಅಂತ ಹಟ ಹಿಡಿದಿದ್ದೀಯಂತಲ್ಲಮ್ಮ. ನಿಮ್ಮಪ್ಪ ಫೋನ್ ಮಾಡಿ, "ನಿನ್ನ ಮಾತಾದರೆ ಕೇಳ್ತಾಳೆ, ಸ್ವಲ್ಪ ಬುದ್ಧಿ ಹೇಳೋ" ಅಂದ. ಬೇಡ ಅಂತ ಹೇಳುವ ಬುದ್ಧಿ ನಿನ್ನ ಚಿಕ್ಕಪ್ಪನ ಹತ್ತಿರ ಇಲ್ಲ. ಯಲಹಂಕದ ಈ ಮನೆಯಲ್ಲಿ ಗಾಜಿನ ಟ್ಯಾಂಕಿನ ಮುಂದೆ ಸ್ಟೂಲು ಹಾಕಿಕೊಂಡು ಕೂತೇ ನನ್ನ ಅರ್ಧ ನಿವೃತ್ತಿ ಕಳೆದಿದೆ. ಸಾಕು, ಖಂಡಿತ ಸಾಕು. ಆದರೆ ಒಂದು ಕಿವಿಮಾತು. ಡಿಸ್ಕಸ್ ಸಾಕುವುದು ಅಂದರೆ ಮುಕ್ಕಾಲು ಪಾಲು ನೀರು ಸಾಕುವ ಕೆಲಸ. ವರ್ಷದ ಐವತ್ತೆರಡು ವಾರವೂ ಒಂದೇ ಥರದ ನೀರು ಮಾಡಿಕೊಡುವ ದಾರಿ ಕಂಡುಕೊಂಡ ಮೇಲೆ ಮೀನಿನ ಅಂಗಡಿಯ ಮೆಟ್ಟಿಲು ಹತ್ತು. ಅಲ್ಲಿಯವರೆಗೆ ಪರ್ಸು ಮನೆಯಲ್ಲೇ ಇರಲಿ.

ಈ ಕಪ್ಪು ನೀರು ಎಲ್ಲಿಂದ ಬಂತು ಅಂತ ಮೊದಲು ತಿಳಿದುಕೋ. ಬ್ರೆಜಿಲ್ಲಿನ ರಿಯೊ ನೆಗ್ರೊ ನದಿ ಮರಳು ನೆಲದ ಕಾಡುಗಳ ನೀರನ್ನೆಲ್ಲ ಕೂಡಿಸಿಕೊಂಡು ಬರುತ್ತದೆ. ಆ ಮರಳಿನಲ್ಲಿ ನೀರಿಗೆ ಕರಗುವಂಥ ಸುಣ್ಣ, ಖನಿಜ ಹೆಚ್ಚು ಕಡಿಮೆ ಏನೂ ಇಲ್ಲ. ಕಾಡಿನಲ್ಲಿ ಉದುರಿದ ಎಲೆ, ಕಡ್ಡಿ, ತೊಗಟೆ ಕೊಳೆತು ಬಿಡುವ ಹ್ಯೂಮಿಕ್ ಆಮ್ಲ, ಟ್ಯಾನಿನ್ ಸೇರಿ ನೀರು ನಮ್ಮ ಫಿಲ್ಟರ್ ಕಾಫಿಯ ಎರಡನೇ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಪಿಎಚ್ ನಾಲ್ಕರಿಂದ ಐದರ ಆಸುಪಾಸು. ಮನೌಸ್ ಪಟ್ಟಣದ ಹತ್ತಿರ ಈ ಕಪ್ಪು ನದಿ ಮಣ್ಣು ಬಣ್ಣದ ಸೊಲಿಮೊಯಿಸ್ ನದಿಯನ್ನು ಕೂಡುತ್ತದೆ. ಎರಡೂ ಬೆರೆಯದೆ ಕಿಲೋಮೀಟರುಗಟ್ಟಲೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಅಮೆಜಾನಿನ ನದಿಗಳನ್ನು ಬಿಳಿ, ನೀಲಿ, ಕಪ್ಪು ಅಂತ ವಿಂಗಡಿಸಿ ಬರೆದವನು ಆಲ್ಫ್ರೆಡ್ ರಸೆಲ್ ವಾಲೇಸ್, ಅದು 1853ರ ಮಾತು. ವಿಯೆನ್ನಾದ ಹೆಕೆಲ್ ಅದಕ್ಕೂ ಮೊದಲೇ, 1840ರಲ್ಲಿ, ತಟ್ಟೆಯ ಆಕಾರದ ಈ ಮೀನಿಗೆ ಸಿಂಫಿಸೊಡಾನ್ ಡಿಸ್ಕಸ್ ಅಂತ ಹೆಸರಿಟ್ಟಿದ್ದ.

ಇಲ್ಲೇ ಒಂದು ವಿಷಯ ತಲೆಗೆ ಹಾಕಿಕೋ. ಅಪ್ಪಟ ಕಪ್ಪು ನೀರಿನ ಮೀನು ಅಂದರೆ ಆ ಹೆಕೆಲ್ ಡಿಸ್ಕಸ್. ಉಳಿದ ಕಾಡು ಡಿಸ್ಕಸ್‌ಗಳಲ್ಲಿ ಎಷ್ಟೋ ಅಷ್ಟು ಕಡುವಲ್ಲದ ನೀರಿನಲ್ಲೂ ಬಾಳುತ್ತವೆ. ಇನ್ನು ನಮ್ಮ ಆರ್.ಟಿ. ನಗರದಲ್ಲೋ, ಯಶವಂತಪುರದಲ್ಲೋ, ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತಲೋ ಸಿಗುವ ಪಿಜನ್ ಬ್ಲಡ್, ಟರ್ಕ್ವಾಯ್ಸ್, ಸ್ನೇಕ್ ಸ್ಕಿನ್, ಬ್ಲೂ ಡೈಮಂಡ್ ಇವೆಲ್ಲ ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನುಗಳು. ಏಷ್ಯಾದ ಸಾಕಣೆ ಕೇಂದ್ರಗಳಲ್ಲಿ, ಚೆನ್ನೈನ ಕೊಳತ್ತೂರಿನಂಥ ಕಡೆ, ಸಾಧಾರಣ ನೀರಿನಲ್ಲಿ ಕಣ್ಣು ಬಿಟ್ಟವು. ಅವಕ್ಕೆ ಪಿಎಚ್ ನಾಲ್ಕೂವರೆ ಬೇಕೇ ಬೇಕು ಅಂತೇನಿಲ್ಲ. ಆರರಿಂದ ಆರೂವರೆ ಇದ್ದರೆ ಹಬ್ಬ, ಏಳಿದ್ದರೂ ಬದುಕುತ್ತವೆ. ಅವು ತಡೆಯದೇ ಇರುವುದು ಏರುಪೇರನ್ನು. ಇವತ್ತು ಆರು, ಶನಿವಾರ ಏಳೂವರೆ, ಮತ್ತೆ ಸೋಮವಾರ ಆರು ಅಂದರೆ ಮೀನು ಕಪ್ಪಿಟ್ಟುಕೊಂಡು ಮೂಲೆ ಸೇರುತ್ತದೆ. ಕಂದು ಬಣ್ಣದ ನೀರು ನೋಡಲು ಚೆಂದ, ಮೀನಿಗೂ ಹಿತ. ಆದರೆ ಬಣ್ಣ ತರಲು ಹೋಗಿ ಸ್ಥಿರತೆ ಕಳೆದುಕೊಳ್ಳಬೇಡ.

ಈಗ ನಮ್ಮ ಊರಿನ ನೀರಿಗೆ ಬಾ. ಬೆಂಗಳೂರಿನ ಉತ್ತರ ಭಾಗದಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಒಂದೇ ನೀರಲ್ಲ. ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತಾಳೆ. ಅವಳ ನೀರು ಮಟ್ಟಸ, ಕ್ಲೋರಿನ್ ಮಾತ್ರ ಇರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಗಿ, ದಿನಕ್ಕೆ 77.5 ಕೋಟಿ ಲೀಟರ್ ಲೆಕ್ಕದಲ್ಲಿ 110 ಹಳ್ಳಿಗಳ ಕಡೆಗೂ ಪೈಪು ಬಂತು. ಆದರೂ ಎಷ್ಟೋ ಬಡಾವಣೆಗಳಲ್ಲಿ ವಾರಕ್ಕೆ ಇಂತಿಷ್ಟು ದಿನ ಅಂತಲೇ ನೀರು ಬಿಡುವುದು. ಮಿಕ್ಕ ದಿನ ಬೋರ್‌ವೆಲ್. ನೂರಾರು ಅಡಿ ಆಳದ ಬಂಡೆಯ ಸಂದಿನಿಂದ ಬರುವ ಆ ನೀರಿನಲ್ಲಿ ಗಡಸುತನ ಜಾಸ್ತಿ. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪೊರೆಯೇ ಅದಕ್ಕೆ ಸಾಕ್ಷಿ. ಅದೂ ಕೈಕೊಟ್ಟರೆ ಟ್ಯಾಂಕರ್. ಟ್ಯಾಂಕರಿನವನು ಇವತ್ತು ಯಾವ ಊರಿನ ಬೋರಿನಿಂದ ತುಂಬಿಸಿಕೊಂಡು ಬಂದ ಅನ್ನುವುದು ಅವನಿಗೇ ಗೊತ್ತು. ಮೂರೂ ಒಂದೇ ಸಂಪಿಗೆ ಬಿದ್ದು, ಒಂದೇ ಓವರ್‌ಹೆಡ್ ಟ್ಯಾಂಕಿಗೆ ಏರಿ, ಒಂದೇ ನಲ್ಲಿಯಲ್ಲಿ ಇಳಿಯುತ್ತವೆ. ಪಾತ್ರೆ ತೊಳೆಯುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಡಿಸ್ಕಸ್‌ಗೆ ಗೊತ್ತಾಗುತ್ತದೆ.

ಅದಕ್ಕೇ ಮೊದಲ ಖರ್ಚು ನೀರಿನಲ್ಲಿ ಕರಗಿದ ಲವಣದ ಲೆಕ್ಕ ತೋರಿಸುವ ಒಂದು ಟಿಡಿಎಸ್ ಪೆನ್ನು, ಒಂದು ಪಿಎಚ್ ಕಿಟ್, ಒಂದು ಕೆಎಚ್ ಕಿಟ್. ಬೆಳಗ್ಗೆ ಒಮ್ಮೆ ನಲ್ಲಿ ನೀರು ಅಳೆದು ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡು. ನಾನು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಏಕಾದಶಿ, ಅಮಾವಾಸ್ಯೆಗಳ ಪಕ್ಕದಲ್ಲೇ ಟಿಡಿಎಸ್ ಗೀಚುತ್ತೇನೆ, ನಿನ್ನ ಚಿಕ್ಕಮ್ಮನಿಗೆ ಅದು ನೋಡಿ ನಗು. ಒಂದೆರಡು ತಿಂಗಳು ಬರೆದರೆ ನಿಮ್ಮ ಸಂಪಿನ ಗುಣ ನಿನಗೇ ಗೊತ್ತಾಗುತ್ತದೆ.

ನಿನ್ನ ಫ್ರೆಂಡ್ ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿದ್ದಾಳೆ, "ನಮ್ಮಲ್ಲಿ ಸಾಫ್ಟ್‌ನರ್ ಇದೆ, ನೀರು ಮೆದು" ಅನ್ನುತ್ತಾಳೆ ಅಂದೆಯಲ್ಲ, ಅಲ್ಲೇ ಮೋಸ ಇರುವುದು. ಆ ಸಾಫ್ಟ್‌ನರ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗಕ್ಕೆ ಉಪ್ಪಿನ ಸೋಡಿಯಂ ಕೂರಿಸುತ್ತದೆ ಅಷ್ಟೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗೀಸರ್ ಉಳಿಯುತ್ತದೆ. ಆದರೆ ಕರಗಿದ ಲವಣದ ಒಟ್ಟು ಲೆಕ್ಕ ಇಳಿಯುವುದಿಲ್ಲ, ಕೆಎಚ್ ಕೂಡ ಇದ್ದಲ್ಲೇ ಇರುತ್ತದೆ. ಬಚ್ಚಲಿಗೆ ಮೆದು ನೀರು, ಅಮೆಜಾನ್ ಮೀನಿಗೆ ಅಲ್ಲ.

ಕೆಎಚ್ ಅಂದರೆ ಏನು, ಅದರ ಮೇಲೇಕೆ ಇಷ್ಟು ಕಣ್ಣು ಅಂತೀಯಾ? ನೀರಿನಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ನುಂಗಿಕೊಂಡು ಪಿಎಚ್ ಇಳಿಯದ ಹಾಗೆ ಹಿಡಿದಿಡುತ್ತದೆ. ಕೆಎಚ್ ಹತ್ತು ಹನ್ನೆರಡು ಡಿಗ್ರಿ ಇರುವ ಬೋರ್ ನೀರಿಗೆ ಒಂದು ಗೋಣಿ ಒಣ ಎಲೆ ಸುರಿದರೂ ನೀರು ಕಂದಾಗುತ್ತದೆಯೇ ಹೊರತು ಪಿಎಚ್ ಅಲ್ಲಾಡುವುದಿಲ್ಲ. ನೋಡಿದವರು ಆಹಾ ಕಪ್ಪು ನೀರು ಅನ್ನುತ್ತಾರೆ, ಮೀನು ಮಾತ್ರ ಬಣ್ಣ ಹಾಕಿದ ಗಡಸು ನೀರಿನಲ್ಲೇ ಇರುತ್ತದೆ. ಮೊದಲು ಲವಣ ಇಳಿಸಬೇಕು, ಆಮೇಲೆ ಎಲೆ. ಈ ಕ್ರಮ ತಿರುವುಮುರುವು ಆಗಬಾರದು.

ಲವಣ ಇಳಿಸಲು ಎರಡು ದಾರಿ. ಒಂದು ಆರ್‌ಒ. ಟ್ಯಾಂಕಿಗೆ ಟಿಡಿಎಸ್ ನೂರರ ಆಸುಪಾಸು ಇಟ್ಟುಕೊಂಡರೆ ಸಾಕು. ನಿಮ್ಮ ಬೋರ್ ನೀರು 800, ಆರ್‌ಒ ನೀರು 20 ಇದ್ದರೆ ಒಂದು ಪಾಲು ಬೋರಿಗೆ ಒಂಬತ್ತು ಪಾಲು ಆರ್‌ಒ ಸೇರಿಸು, 98 ಬರುತ್ತದೆ. ಕಾವೇರಿ ನೀರು 200 ತೋರಿಸಿದ ದಿನ ಅರ್ಧಕ್ಕರ್ಧ ಸೇರಿಸು, 110. ಬರೀ ಆರ್‌ಒ ನೀರು ತುಂಬಲು ಹೋಗಬೇಡ. ಅದರಲ್ಲಿ ಪಿಎಚ್ ಹಿಡಿದಿಡುವ ಶಕ್ತಿಯೇ ಇರುವುದಿಲ್ಲ, ಯಾವತ್ತೋ ಒಂದು ರಾತ್ರಿ ದಬಕ್ಕನೆ ಕುಸಿಯುತ್ತದೆ. ಎರಡನೆಯದು ಮಳೆ. ಎಂಟುನೂರು ಚದರಡಿ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 740 ಲೀಟರ್ ನೀರು. ರಿಯೊ ನೆಗ್ರೊ ನೀರಿಗೆ ಇದಕ್ಕಿಂತ ಹತ್ತಿರದ ನೀರು ನಮಗೆ ಸಿಗುವುದಿಲ್ಲ. 2009ರಿಂದ ನಮ್ಮ ಊರಲ್ಲಿ ಮಳೆ ಕೊಯ್ಲು ಕಾನೂನೇ ಆಗಿದೆ, ನಿಮ್ಮ ಓನರ್ ಮನೆಯಲ್ಲಿ ಪೈಪು ಆಗಲೇ ಇದ್ದರೂ ಇರಬಹುದು. ಮೊದಲ ಮಳೆ ತಾರಸಿ ತೊಳೆಯಲಿ, ಅದನ್ನು ಹಿಡಿಯಬೇಡ. ಎರಡನೇ ಮೂರನೇ ಮಳೆ ಹಿಡಿದು ನೀಲಿ ಡ್ರಮ್ಮಿಗೆ ತುಂಬಿಸು, ಸಿಮೆಂಟ್ ತಾರಸಿಯಿಂದ ಸ್ವಲ್ಪ ಸುಣ್ಣ ಬಂದಿರುತ್ತದೆ, ಅಳೆದು ನೋಡು. ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು ಕಟ್ಟು. ಮೀನು ಸಾಕಲು ಹೋಗಿ ಓಣಿಗೆಲ್ಲ ಡೆಂಗಿ ಸೊಳ್ಳೆ ಸಾಕಿದ ಹಾಗಾಗಬಾರದು.

ಇದರ ಜೊತೆಗೇ ಇನ್ನೊಂದು ಮಾತು. 2024ರ ಮಾರ್ಚಿನಲ್ಲಿ ಬೋರ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ ಐದು ಸಾವಿರ ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನಿನಗೂ ನೆನಪಿದೆ. ಡಿಸ್ಕಸ್ ಟ್ಯಾಂಕಿಗೆ ವಾರವಾರ ಕಾಲು ಭಾಗವೋ ಮೂರನೇ ಒಂದು ಭಾಗವೋ ನೀರು ಬದಲಿಸಬೇಕು. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಆ ಬಿಟ್ಟ ನೀರು ಮೋರಿಗೆ ಹೋದರೆ ಅಕ್ಕಪಕ್ಕದವರು ಬಯ್ಯುತ್ತಾರೆ, ಬಯ್ದರೆ ತಪ್ಪೂ ಅಲ್ಲ. ನೆಲ ಒರೆಸಲು, ಟಾಯ್ಲೆಟ್ಟಿಗೆ ಅದನ್ನು ಹಿಡಿದಿಡು. ಮೀನಿನ ಹಳೇ ನೀರು ಗಿಡಗಳಿಗೆ ಬಂಗಾರ, ನಮ್ಮ ಮನೆಯ ಕರಿಬೇವು, ದಾಸವಾಳ ಅದರಲ್ಲೇ ಬೆಳೆದಿವೆ. ಇಷ್ಟಕ್ಕೆ ಮನಸ್ಸಿಲ್ಲದಿದ್ದರೆ ಈ ಮೀನು ಈ ಊರಿಗೆ ಬೇಡ.

ಇನ್ನು ಟ್ಯಾಂಕು. ನೀನಿರುವುದು ಆರ್.ಟಿ. ನಗರದಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿಗೆ ಮುನ್ನೂರು ಲೀಟರ್ ಮೇಲೆ ನೀರು ಹಿಡಿಯುತ್ತದೆ. ಗಾಜು, ಸ್ಟ್ಯಾಂಡು, ಮರಳು ಎಲ್ಲ ಸೇರಿ ನಾನೂರು ಕಿಲೋ ದಾಟುತ್ತದೆ. ಗೋಡೆಗೆ ಒತ್ತಿ, ಕೆಳಗೆ ಬೀಮ್ ಇರುವ ಕಡೆ ಇಡು, ಹಾಲಿನ ನಡುವೆ ಬೇಡ. ಓನರಿಗೆ ಮೊದಲೇ ಹೇಳು, ಸೀಲಿಂಗ್ ಒದ್ದೆಯಾದ ಮೇಲೆ ಹೇಳಿದರೆ ಅಡ್ವಾನ್ಸ್ ವಾಪಸ್ ಬರುವುದಿಲ್ಲ. ಇದಕ್ಕಿಂತ ಚಿಕ್ಕದರಲ್ಲಿ ಆಗುವುದಿಲ್ಲವೇ ಅಂತ ಕೇಳಬೇಡ. ಡಿಸ್ಕಸ್ ಗುಂಪಿನ ಮೀನು, ಆರಾದರೂ ಬೇಕು. ಎರಡೋ ಮೂರೋ ಇಟ್ಟರೆ ಬಲವಾದದ್ದು ಬಡಪಾಯಿಯನ್ನು ಅಟ್ಟಿಸಿ ಅಟ್ಟಿಸಿ ಉಪವಾಸ ಕೆಡಹುತ್ತದೆ. ಬೆಳೆದ ಮೀನು ಒಂದಕ್ಕೆ ನಲವತ್ತು ಲೀಟರ್ ಅಂತ ಲೆಕ್ಕ ಇಟ್ಟುಕೋ.

ತಳಕ್ಕೆ ಎಂ-ಸ್ಯಾಂಡ್ ಹಾಕಬೇಡ. ಅದು ಬಂಡೆ ಪುಡಿ ಮಾಡಿದ್ದು, ಅಂಚು ಚೂಪು, ಜೊತೆಗೆ ಕಲ್ಲಿನ ಧೂಳು. ನೀರು ಶುದ್ಧೀಕರಣದ ಫಿಲ್ಟರುಗಳಿಗೆ ಹಾಕುವ ಸಿಲಿಕಾ ಮರಳು ಸಿಗುತ್ತದೆ, ಅದನ್ನು ತೊಳೆದು ಒಂದು ಇಂಚು ಹರಡು, ಜಾಸ್ತಿ ಬೇಡ. ಯಾವ ಕಲ್ಲು, ಮರಳು ತಂದರೂ ಮೇಲೆ ನಿಂಬೆಹುಳಿ ಹಿಂಡಿ ನೋಡು. ನೊರೆ ಎದ್ದರೆ ಅದರಲ್ಲಿ ಸುಣ್ಣ ಇದೆ, ಹೊರಗೆ ಹಾಕು. ಶಂಖ, ಕಪ್ಪೆಚಿಪ್ಪು, ಮಾರ್ಬಲ್ ಚೂರು ಯಾವುದೂ ಬೇಡ. ಒಂದೆರಡು ಒಳ್ಳೆಯ ಡ್ರಿಫ್ಟ್‌ವುಡ್ ಕುದಿಸಿ, ನೆನೆಸಿ, ನೇರ ನಿಲ್ಲಿಸು. ಕಾಡಿನಲ್ಲಿ ಈ ಮೀನು ಮುಳುಗಿದ ಕೊಂಬೆಗಳ ನಡುವೆ ಅಡಗಿ ಬಾಳುವಂಥದ್ದು, ಅದರ ಚಪ್ಪಟೆ ಮೈ ಇರುವುದೇ ಆ ಸಂದಿಗಳಿಗಾಗಿ. ದೀಪ ಮಂದವಾಗಿರಲಿ. ಕಂದು ನೀರಿನಲ್ಲಿ ಗಿಡ ಹೆಚ್ಚು ಬೆಳೆಯುವುದಿಲ್ಲ, ಕಟ್ಟಿಗೆಗೆ ಕಟ್ಟಿದ ಜಾವಾ ಫರ್ನ್, ಅನೂಬಿಯಾಸ್ ಸಾಕು.

ಎಲೆ ವಿಚಾರದಲ್ಲಿ ನಾವು ಪುಣ್ಯವಂತರು. ವಿದೇಶದಲ್ಲಿ ಕವರಿನಲ್ಲಿ ಹಾಕಿ, ಎಣಿಸಿ ಮಾರುವ ಕಟಪ್ಪಾ ಎಲೆ ನಮ್ಮ ಬೀದಿಯ ಬಾದಾಮಿ ಮರದ್ದೇ. ಛತ್ರಿ ಮೇಲೆ ಛತ್ರಿ ಇಟ್ಟ ಹಾಗೆ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚುವ ಮರ, ಶಾಲೆಯಿಂದ ಬರುತ್ತಾ ಅದರ ಕಾಯಿ ಕಲ್ಲಲ್ಲಿ ಜಜ್ಜಿ ತಿನ್ನುತ್ತಿದ್ದೆಯಲ್ಲ, ಅದೇ. ಚಳಿಗಾಲದ ಕೊನೆಗೆ ಅದರ ಎಲೆ ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ತಾಮ್ರಕ್ಕೆ ತಿರುಗಿ ಉದುರುತ್ತದೆ. ಪೌರಕಾರ್ಮಿಕರು ಗುಡಿಸುವ ಮೊದಲು ಬೆಳಗ್ಗೆ ಹೋಗಿ ಆರಿಸು. ತಾನಾಗಿ ಉದುರಿದ ಎಲೆಯೇ ಆಗಬೇಕು, ಕಿತ್ತ ಹಸಿರೆಲೆ ಬೇಡ, ಅದು ನೀರಿನಲ್ಲಿ ಕೊಳೆತು ನಾರುತ್ತದೆ. ಬಳ್ಳಾರಿ ರಸ್ತೆಯ ಅಂಚಿನ ಮರ ಬೇಡ, ಎಲೆ ತುಂಬ ಹೊಗೆಯ ಮಸಿ. ಒಳ ಬೀದಿ, ಪಾರ್ಕು, ಸ್ನೇಹಿತರ ಕಾಂಪೌಂಡು ನೋಡು. ಔಷಧಿ ಹೊಡೆದ ತೋಟದ ಎಲೆಯಂತೂ ಖಂಡಿತ ಬೇಡ. ದೇವನಹಳ್ಳಿ ಕಡೆಯವರು ಹಿಪ್ಪುನೇರಳೆಯ ಒಣ ಎಲೆ ಕೊಡುತ್ತೇವೆ ಅಂದರೂ ಯಾವಾಗ ಏನು ಹೊಡೆದಿದ್ದೀರಿ ಅಂತ ಕೇಳಿಯೇ ತೆಗೆದುಕೋ.

ತಂದ ಎಲೆ ತೊಳೆದು, ನೆರಳಲ್ಲಿ ಗರಿಗರಿ ಒಣಗಿಸಿ, ಪೇಪರ್ ಚೀಲದಲ್ಲಿ ಕಟ್ಟಿಡು, ವರ್ಷಕ್ಕಾಗುತ್ತದೆ. ನಲವತ್ತು ಲೀಟರಿಗೆ ಒಂದು ದೊಡ್ಡ ಎಲೆಯಿಂದ ಶುರು ಮಾಡು. ಹಾಕಿದ ದಿನ ತೇಲುತ್ತದೆ, ಎರಡು ಮೂರು ದಿನಕ್ಕೆ ನೀರು ಕುಡಿದು ತಳ ಸೇರುತ್ತದೆ, ಅಂಚಿನಿಂದ ಬಣ್ಣ ಬಿಡುತ್ತಾ ಹೋಗುತ್ತದೆ. ಮೂರು ನಾಲ್ಕು ವಾರದಲ್ಲಿ ಬರೀ ನರಗಳ ಜಾಲರಿ ಉಳಿಯುತ್ತದೆ, ಆಗ ತೆಗೆದು ಹೊಸದು ಹಾಕು. ಎಲ್ಲ ಎಲೆ ಒಟ್ಟಿಗೆ ಬದಲಿಸಬೇಡ. ಸರ್ವೆ ಮರದ ಪುಟ್ಟ ಕಾಯಿ ಹಾಕಿದರೂ ಬಣ್ಣ ಬರುತ್ತದೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆ, ನೀನು ಹಾಕಿದ ಬಣ್ಣವನ್ನೆಲ್ಲ ಅದು ಹೀರುತ್ತದೆ. ಎಲೆಗೆ ಸಣ್ಣಪುಟ್ಟ ಬೂಷ್ಟು, ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ. ಹಾಗಂತ ಅದು ಔಷಧಿ ಅಲ್ಲ, ಕಾಯಿಲೆ ಬಿದ್ದ ಮೀನಿಗೆ ಎಲೆ ಹಾಕಿ ಕೈಕಟ್ಟಿ ಕೂರಬೇಡ.

ಟ್ಯಾಂಕ್ ತುಂಬಿಸಿದ ವಾರವೇ ಮೀನು ಬಿಡುವ ಆತುರ ಎಲ್ಲರಿಗೂ. ಆತುರಗಾರನಿಗೆ ಬುದ್ಧಿ ಮಟ್ಟ. ಮೀನಿನ ಕೊಳಕಿನಿಂದ ಅಮೋನಿಯಾ ಬರುತ್ತದೆ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಕಪ್ಪು ನೀರಿನಲ್ಲಿ ಇನ್ನೂ ನಿಧಾನ, ಪಿಎಚ್ ಆರಕ್ಕಿಂತ ಕೆಳಗೆ ಆ ಬ್ಯಾಕ್ಟೀರಿಯಾ ಸೋಮಾರಿ. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನ ಕೊಡು. ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚುಕಡಿಮೆ ಪೂರ್ತಿ ಅಮೋನಿಯಂ ಆಗಿ ಇರುತ್ತದೆ, ಅದು ಅಷ್ಟು ವಿಷವಲ್ಲ. ಹಾಗಾಗಿ ಮೀನು ಆರಾಮಾಗೇ ಕಾಣುತ್ತದೆ. ಒಂದು ದಿನ ನೀನು ಮರೆತು ಪಿಎಚ್ ಎಂಟರ ಟ್ಯಾಂಕರ್ ನೀರು ಸುರಿದೆ ಅಂದುಕೋ. ಪಿಎಚ್ ಒಂದು ಅಂಕಿ ಏರಿದರೆ ವಿಷದ ಅಮೋನಿಯಾ ಸುಮಾರು ಹತ್ತು ಪಟ್ಟು. ಅಲ್ಲಿಯವರೆಗೆ ಸದ್ದಿಲ್ಲದೆ ಕೂತದ್ದೆಲ್ಲ ಒಂದೇ ಗಂಟೆಯಲ್ಲಿ ವಿಷವಾಗಿ ಎದ್ದು ನಿಲ್ಲುತ್ತದೆ. "ಬರೀ ನೀರು ಬದಲಿಸಿದ್ದಕ್ಕೆ ಎಲ್ಲ ಸತ್ತವು" ಅಂತ ಅಳುವವರ ಕಥೆ ಬಹಳಷ್ಟು ಸಲ ಇದೇ.

ಅದಕ್ಕೇ ಇನ್ನೂರು ಲೀಟರಿನ ಡ್ರಮ್ಮೊಂದು ಟ್ಯಾಂಕಿನಷ್ಟೇ ಮುಖ್ಯ. ಶನಿವಾರ ಬದಲಿಸುವ ನೀರನ್ನು ಗುರುವಾರವೇ ಅದರಲ್ಲಿ ಬೆರೆಸಿ, ಏರ್ ಪಂಪ್ ಹಾಕಿ, ಎರಡು ಎಲೆ ಬಿಟ್ಟು, ಹೀಟರ್ ಇಟ್ಟು ಹಣ್ಣು ಮಾಡು. ಕಾವೇರಿಯ ಕ್ಲೋರಿನ್ ಹಾರಿ ಹೋಗುತ್ತದೆ, ಭರವಸೆಗೆ ಡಿಕ್ಲೋರಿನೇಟರ್ ಎರಡು ಹನಿ ಹಾಕು. ಶನಿವಾರ ಅಳೆದು ನೋಡು. ಡ್ರಮ್ಮಿನ ಟಿಡಿಎಸ್, ಪಿಎಚ್, ಬಿಸಿ ಮೂರೂ ಟ್ಯಾಂಕಿನದಕ್ಕೆ ಹೊಂದಿದರೆ ಮಾತ್ರ ಸುರಿ. ಹೊಂದದಿದ್ದರೆ ಆ ವಾರ ಬಿಟ್ಟರೂ ಅಡ್ಡಿಯಿಲ್ಲ, ಊಟ ಕಡಿಮೆ ಮಾಡು.

ಬಿಸಿ ಇಪ್ಪತ್ತೆಂಟರಿಂದ ಮೂವತ್ತು ಡಿಗ್ರಿ ಇರಲೇಬೇಕು. ಯಲಹಂಕ, ಜಿಕೆವಿಕೆ ಕಡೆ ಡಿಸೆಂಬರ್ ಜನವರಿಯ ರಾತ್ರಿ ಹೇಗಿರುತ್ತದೆ ಅಂತ ಇಲ್ಲಿಗೆ ಬಂದಾಗೆಲ್ಲ ಕಂಬಳಿ ಕೇಳುವ ನಿನಗೆ ಹೇಳಬೇಕಿಲ್ಲ. ಲೀಟರಿಗೆ ಒಂದು ವ್ಯಾಟ್ ಲೆಕ್ಕ. ಮುನ್ನೂರು ವ್ಯಾಟಿನ ಒಂದು ಹೀಟರ್ ಬದಲು ನೂರೈವತ್ತರ ಎರಡು ಹಾಕು. ಒಂದು ಕೆಟ್ಟು ನಿಂತರೆ ಇನ್ನೊಂದು ಕಾಯುತ್ತದೆ, ಒಂದು ಆಫ್ ಆಗದೆ ಅಂಟಿಕೊಂಡರೂ ಮೀನು ಬೇಯುವುದಿಲ್ಲ. ಇವೆರಡೂ ದಿನದ ಅರ್ಧ ಹೊತ್ತು ಉರಿದರೆ 3.6 ಯೂನಿಟ್, ತಿಂಗಳಿಗೆ 108. ಗೃಹಜ್ಯೋತಿಯ ಸೊನ್ನೆ ಬಿಲ್ ನೋಡಿ ಅಭ್ಯಾಸವಾದ ಮನೆ ನಿಮ್ಮದು. ಒಟ್ಟು 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕೈಯಿಂದಲೇ. ಮೀನಿನ ಬೆಲೆಯ ಜೊತೆ ಇದನ್ನೂ ಕೂಡಿಸು. ಕರೆಂಟ್ ಹೋದಾಗ ಮೊದಲು ಬೇಕಾಗುವುದು ಗಾಳಿ, ಆಮೇಲೆ ಬಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಬ್ಯಾಟರಿಯ ಏರ್ ಪಂಪ್ ಒಂದು ಇರಲಿ, ಯುಪಿಎಸ್ ಇದ್ದರೆ ಫಿಲ್ಟರ್ ಅದಕ್ಕೆ ಕೊಡು. ಟ್ಯಾಂಕಿಗೆ ಕಂಬಳಿ ಸುತ್ತಿದರೆ ಬಿಸಿ ಗಂಟೆಗಟ್ಟಲೆ ನಿಲ್ಲುತ್ತದೆ.

ಇಷ್ಟೆಲ್ಲ ಆದ ಮೇಲೆ ಮೀನು. ಅಂಗಡಿಗೆ ಹೋದರೆ ಬಣ್ಣ ನೋಡಬೇಡ, ಬಣ್ಣ ಬರಿಸುವ ಮೇವು ಇದೆ. ಕಣ್ಣು ನೋಡು. ಮೈಗೆ ಹೋಲಿಸಿದರೆ ಕಣ್ಣು ದೊಡ್ಡದಾಗಿ ಕಂಡರೆ ಮರಿಯಲ್ಲಿ ಉಪವಾಸ ಬಿದ್ದು ಗಿಡ್ಡಾದ ಮೀನು ಅದು, ಮುಂದೆ ಎಷ್ಟು ತಿನ್ನಿಸಿದರೂ ಬೆಳೆಯುವುದಿಲ್ಲ. ಮೈ ಗುಂಡಗಿರಬೇಕು, ಹಣೆ ಕಡೆಯಿಂದ ನೋಡಿದರೆ ಚಾಕುವಿನ ಅಂಚಿನ ಹಾಗೆ ತೆಳ್ಳಗಿರಬಾರದು. ಎರಡೂ ಕಿವಿರು ಒಂದೇ ಸಮ ಆಡಬೇಕು. ಕೈ ಹತ್ತಿರ ತಂದರೆ ಮುಂದೆ ಬರಬೇಕು. "ಅಣ್ಣಾ, ಸ್ವಲ್ಪ ಊಟ ಹಾಕಿ ತೋರಿಸಿ" ಅಂತ ಕೇಳು. ತಿನ್ನದ ಮೀನನ್ನು ಬಿಟ್ಟಿ ಕೊಟ್ಟರೂ ತರಬೇಡ. ಹಿಕ್ಕೆ ಬಿಳಿ ದಾರದ ಥರ ನೇತಾಡುತ್ತಿದ್ದರೆ ಹೊಟ್ಟೆಯಲ್ಲಿ ಪರೋಪಜೀವಿ ಇರಬಹುದು. ಕಾಡಿನಿಂದ ಹಿಡಿದ ಹೆಕೆಲ್ ತೋರಿಸಿ ಆಸೆ ಹಚ್ಚಿದರೆ ಕೈ ಮುಗಿದು ಬಾ, ಅದು ಹೊಸಬರಿಗಲ್ಲ. ಆರೂ ಮೀನು ಒಂದೇ ಕಡೆಯಿಂದ, ಒಂದೇ ಸಲ ತಾ. ಬೇರೆ ಬೇರೆ ಕಡೆಯ ಡಿಸ್ಕಸ್ ಕೂಡಿಸಿದರೆ ಒಂದರ ರೋಗ ಇನ್ನೊಂದಕ್ಕೆ ತಗಲಿ ಟ್ಯಾಂಕೇ ಮುಗಿಯುತ್ತದೆ. ಮುಂದೆ ಹೊಸದು ತಂದರೆ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡು.

ಊಟ ದಿನಕ್ಕೆ ಎರಡು ಮೂರು ಸಲ, ಐದು ನಿಮಿಷದಲ್ಲಿ ಮುಗಿಯುವಷ್ಟೇ. ಡಿಸ್ಕಸ್ ಪೆಲೆಟ್, ಫ್ರೋಜನ್ ಬ್ಲಡ್‌ವರ್ಮ್, ಬ್ರೈನ್ ಶ್ರಿಂಪ್ ಸರದಿಯಲ್ಲಿ ಕೊಡು. ಅಂಗಡಿಯಲ್ಲಿ ಉಂಡೆಯಾಗಿ ಮಿಸುಕಾಡುವ ಜೀವಂತ ಟ್ಯೂಬಿಫೆಕ್ಸ್ ಹುಳ ಬೇಡವೇ ಬೇಡ, ಅವು ಬರುವುದು ಚರಂಡಿ ಕೆಸರಿನಿಂದ. ಜೊತೆಗಾರರು ಬೇಕೆಂದರೆ ರಿಯೊ ನೆಗ್ರೊದವೇ ಆದ ಕಾರ್ಡಿನಲ್ ಟೆಟ್ರಾ ಒಂದಿಪ್ಪತ್ತು, ತಳಕ್ಕೆ ಸ್ಟರ್ಬಾಯ್ ಕೋರಿಡೋರಸ್ ಕೆಲವು. ಇವೆರಡೂ ಆ ಬಿಸಿ ತಡೆಯುತ್ತವೆ. ನಿಯಾನ್ ಟೆಟ್ರಾ ತಡೆಯುವುದಿಲ್ಲ, ಏಂಜೆಲ್ ಮೀನು ಊಟ ಕಸಿಯುತ್ತದೆ. ಕಾರ್ಡಿನಲ್ ಹಿಡಿಯುವ ಬಾರ್ಸೆಲೊಸ್ ಊರಿನಲ್ಲಿ ಅಲಂಕಾರಿಕ ಮೀನಿನ ಹಬ್ಬವೇ ನಡೆಯುತ್ತದೆ. ಜನ ಕಾರ್ಡಿನಲ್ ಬಣ, ಡಿಸ್ಕಸ್ ಬಣ ಅಂತ ಎರಡಾಗಿ ಪೈಪೋಟಿ ಮಾಡುತ್ತಾರೆ. ನಿನ್ನ ಟ್ಯಾಂಕಿನಲ್ಲಿ ಎರಡು ಬಣವೂ ಇದ್ದೇ ಇರಲಿ.

ಮೀನು ಕಪ್ಪಿಟ್ಟು ಮೂಲೆ ಸೇರಿದರೆ ಮೊದಲು ನೀರು ಅಳೆ, ಆಮೇಲೆ ಔಷಧಿ. ಹತ್ತರಲ್ಲಿ ಏಳೆಂಟು ಸಲ ತಪ್ಪು ನೀರಿನಲ್ಲೇ ಇರುತ್ತದೆ. ಕೇಳಿದವರೆಲ್ಲ ಹೇಳಿದ ನೀಲಿ, ಹಳದಿ ಬಾಟಲಿ ಸುರಿಯಬೇಡ. ನಮ್ಮ ಕಡೆಯೇ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರಗಳಿವೆ. ತಿಳಿದವರನ್ನು ಹುಡುಕಿಕೊಂಡು ಹೋಗಿ ಕೇಳಲು ನಾಚಿಕೆ ಬೇಡ.

ಎಲ್ಲ ಸರಿಹೋಗಿ ಒಂದು ಜೋಡಿ ಕೂಡಿಕೊಂಡಿತು ಅಂದರೆ ಆಗ ಈ ಮೆದು ನೀರಿನ ನಿಜವಾದ ಫಲ ಕಾಣುತ್ತೀಯ. ಗಡಸು ನೀರಿನಲ್ಲಿ ಮೊಟ್ಟೆ ಇಟ್ಟರೂ ಬಹಳಷ್ಟು ಬೆಳ್ಳಗಾಗಿ ಕೆಡುತ್ತವೆ. ಮೆದು ನೀರಿನಲ್ಲಿ ಎರಡು ಮೂರು ದಿನಕ್ಕೆ ಒಡೆದು, ಇನ್ನೊಂದೆರಡು ದಿನ ಅಲ್ಲೇ ಅಂಟಿಕೊಂಡು ಬಾಲ ಆಡಿಸಿ, ಆಮೇಲೆ ಮರಿಗಳು ಹಿಂಡಾಗಿ ಎದ್ದು ತಾಯಿಯ ಪಕ್ಕೆಗೆ ಮುತ್ತುತ್ತವೆ. ಅಪ್ಪ ಅಮ್ಮ ಇಬ್ಬರ ಮೈಮೇಲೂ ಆಗ ಗಟ್ಟಿ ಲೋಳೆ ಬಂದಿರುತ್ತದೆ, ಮರಿಗಳು ಅದನ್ನೇ ತಿಂದು ಬೆಳೆಯುತ್ತವೆ. ಅಮ್ಮನಿಗೆ ಸಾಕಾದಾಗ ಮೈ ಒದರಿ ಪಕ್ಕಕ್ಕೆ ಸರಿಯುತ್ತದೆ, ಆ ಕ್ಷಣವೇ ಮರಿಗಳ ಗುಂಪು ಅಪ್ಪನ ಮೈಗೆ ಹಾರುತ್ತದೆ. ಅಮೆಜಾನಿನದೇ ಸೋಜಿಗ ಅಂದುಕೊಳ್ಳಬೇಡ. ಡಿಸ್ಕಸ್‌ನ ಸಿಕ್ಲಿಡ್ ಕುಲದ ಮೀನುಗಳಲ್ಲಿ ನಮ್ಮ ದೇಶದವೇ ಆದವೂ ಮೂರು ಇವೆ. ನಮ್ಮ ಕರಾವಳಿಯ ಹಿನ್ನೀರಿನ ಕಿತ್ತಳೆ ಬಣ್ಣದ ಕ್ರೋಮೈಡ್ ಮರಿಗಳೂ ಅಪ್ಪ ಅಮ್ಮನ ಮೈ ಲೋಳೆ ತಿನ್ನುತ್ತವೆ. ಕೇರಳದವರ ಕರಿಮೀನು ಇನ್ನೊಂದು. ಮೂರನೆಯದು ಕೆನರಾದ ಹೆಸರನ್ನೇ ಹೊತ್ತ ಎಟ್ರೊಪ್ಲಸ್ ಕನಾರೆನ್ಸಿಸ್, ದಕ್ಷಿಣ ಕನ್ನಡದ ಹೊಳೆಗಳಲ್ಲಿ ಬಾಳುವಂಥದ್ದು, ಈಗ ಅಳಿವಿನಂಚಿನಲ್ಲಿದೆ. ಬ್ರೆಜಿಲ್ಲಿನ ಮೀನಿನ ಮೇಲಿನ ಪ್ರೀತಿ ನಮ್ಮ ಹೊಳೆಯ ಮೀನಿನ ಕಡೆಗೂ ಸ್ವಲ್ಪ ತಿರುಗಲಿ.

ಕೊನೆಗೊಂದು ಕಟ್ಟಪ್ಪಣೆ. ಸಾಕಾಯಿತು, ಊರು ಬಿಡಬೇಕಾಯಿತು, ಮನೆ ಬದಲಾಯಿತು, ಏನೇ ಆಗಲಿ, ಟ್ಯಾಂಕಿನ ಮೀನನ್ನೋ ಗಿಡವನ್ನೋ ಹೆಬ್ಬಾಳ, ಯಲಹಂಕ, ಪುಟ್ಟೇನಹಳ್ಳಿ ಕೆರೆಗೆ ಮಾತ್ರ ಬಿಡಬೇಡ. ಡಿಸ್ಕಸ್ ಚಳಿಗೆ ಸಾಯುತ್ತದೆ. ಸಕರ್ ಮೀನಿನಂಥವು ಸಾಯದೆ ಬದುಕಿ, ದಡ ಕೊರೆದು, ನಮ್ಮ ಮೀನುಗಳ ಅನ್ನ ಕಸಿಯುತ್ತವೆ. ಪುಣ್ಯ ಅಂತ ಬಿಟ್ಟದ್ದು ಕೆರೆಗೆ ಪಾಪವಾಗುತ್ತದೆ. ಬೇರೆ ಸಾಕುವವರಿಗೆ ಕೊಡು, ಅಂಗಡಿಗೆ ವಾಪಸ್ ಕೊಡು, ನನಗೆ ಕೊಡು.

ನಾಳೆಯಿಂದ ಕ್ಯಾಲೆಂಡರಿನಲ್ಲಿ ನಲ್ಲಿ ನೀರಿನ ಲೆಕ್ಕ ಬರೆಯಲು ಶುರು ಮಾಡು. ಎರಡು ತಿಂಗಳಾದ ಮೇಲೆ ಆ ಹಾಳೆ ತೆಗೆದುಕೊಂಡು ಇಲ್ಲಿಗೆ ಬಾ. ವಾರವಾರ ಒಂದೇ ನೀರು ಕೊಡಬಲ್ಲೆ ಅಂತ ಅದರಲ್ಲಿ ಕಂಡರೆ ಮೀನು ಆರಿಸಲು ನಾನೇ ನಿನ್ನ ಜೊತೆ ಬರುತ್ತೇನೆ. ಕಾಣದಿದ್ದರೆ ಗಪ್ಪಿ ಸಾಕಮ್ಮ, ಗಡಸು ನೀರಿನಲ್ಲೂ ಅವು ಚೆನ್ನಾಗಿಯೇ ಇರುತ್ತವೆ.